ಜೋಳದ ಹರವಿಯೊಳಗೆ ಅಂತೋಣಪ್ಪ

ನನ್ನ ಅಪ್ಪ-ಅವ್ವನ ಮದುವೆಗೆ ನಾನೂ ಹೋಗಿದ್ದೆ. ಹೀಗೆಂದರೆ ಮೊಮ್ಮಕ್ಕಳು ನಗುತ್ತವೆ, ಅಜ್ಜಿಗೆ ಅರಳುಮರಳು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತವೆ. ಆದರೆ ಹೋಗಿದ್ದು ಖರೆ. ಹಸಿರು ಪರಕಾರ ಉಟ್ಟು, ತಲೆಗೆ ಎಣ್ಣೆ ಬಳಿಸಿಕೊಂಡು, ಎರಡು ಜಡೆ ಹಾಕಿಸಿಕೊಂಡು, ಅಪ್ಪನ ತಾಯಿಯ ಪಕ್ಕದಲ್ಲಿ ಕೂತು ಕಣ್ಣಾರೆ ನೋಡಿದ್ದೆ. ಅದು ಅವರಿಬ್ಬರಿಗೂ ಎರಡನೆಯ ಮದುವೆ, ಒಬ್ಬರಿಗೊಬ್ಬರ ಜೊತೆಗೇ. ಅದು ಹೇಗಾಯಿತು ಎಂದು ಹೇಳಬೇಕಾದರೆ ಮಸ್ಕಿಯ ನಮ್ಮ ಮನೆಯನ್ನು ಹೇಳಬೇಕು, ಆ ಮನೆಯ ಅಡಿಗೆಮನೆಯಲ್ಲಿದ್ದ ಅಂತೋಣಪ್ಪನನ್ನು ಹೇಳಬೇಕು.

ಅಪ್ಪ ಮಸ್ಕಿಯ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಸರಕಾರ ಅಂದರೆ ಆಗ ನಿಜಾಮರದು. ಅಪ್ಪ ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಉರ್ದು, ಜಗಳ ಬಂದಾಗ ಮೌನ ಮಾತಾಡುತ್ತಿದ್ದ. ಅವನ ತಾಯಿ, ನಾನು ಆಯಿ ಎನ್ನುತ್ತಿದ್ದ ರಾಹೇಲಮ್ಮ, ಸಿಂಧನೂರಿನ ಕಡೆಯ ಮಿಷನ್ ಸಭೆಯ, ಅಂದರೆ ಪ್ರಾಟೆಸ್ಟೆಂಟ್ ಪಂಥದ, ಹೆಣ್ಣುಮಗಳು. ಅವ್ವ ಪಿಲೋಮಿನಾಳ ತವರು ಲಿಂಗಸುಗೂರಿನಿಂದ ಆಚೆ, ಕೋಟೆಯಿದ್ದ ಊರು. ಅವರು ಹಳೆಯ ಕಾಲದಿಂದ ರೋಮಿನ ಗುಡಿಗೆ ನಡೆದುಕೊಂಡ ಕೆಥೋಲಿಕರು. ಅಪ್ಪ ಆ ಊರಿನ ದವಾಖಾನೆಯಲ್ಲಿದ್ದಾಗ ಅವ್ವ ಕಣ್ಣುಬೇನೆಯ ಔಷಧಕ್ಕೆ ಬಂದಿದ್ದಳಂತೆ. ಕಣ್ಣು ಎಂದೋ ವಾಸಿಯಾದರೂ ಔಷಧಕ್ಕೆ ಬರುವುದು ನಿಲ್ಲಲಿಲ್ಲ ಎಂದು ಆಯಿ ಆಗಾಗ ಚುಚ್ಚುತ್ತಿದ್ದಳು. ಮದುವೆ ಮಾತ್ರ ಆಯಿಯ ಹಟದಂತೆ ಮಿಷನ್ನಿನ ಪ್ರಾರ್ಥನಾಲಯದಲ್ಲೇ ಆಯಿತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಒಳಗೆ ಅಡಿಗೆಮನೆ, ಹಿಂದೆ ಆಯಿಯ ಕೋಳಿಗಳು ಓಡಾಡುವ ಹಿತ್ತಲು. ಪಡಸಾಲೆ ಆಯಿಯ ರಾಜ್ಯ. ಅಲ್ಲಿಯ ಗೋಡೆಯ ಮೇಲೆ ಸುಣ್ಣ ಬಿಟ್ಟರೆ ಏನೂ ಇರಕೂಡದು. ದೇವರಿಗೆ ಚಿತ್ರವಿಲ್ಲ, ಬೊಂಬೆಯಿಲ್ಲ, ಇರುವುದು ಬೈಬಲಿನ ವಾಕ್ಯ ಒಂದೇ ಎನ್ನುತ್ತಿದ್ದಳು. ಅಡಿಗೆಮನೆಯ ಹೊಸ್ತಿಲು ದಾಟಿದರೆ ಅವ್ವನ ರಾಜ್ಯ. ಒಲೆಯ ಎದುರಿನ ಗೂಡಿನಲ್ಲಿ ಒಂದು ಗೇಣುದ್ದದ ಕಟ್ಟಿಗೆಯ ಸಂತ ಅಂತೋಣಿ, ತೋಳಿನಲ್ಲಿ ಬಾಲಯೇಸುವನ್ನು ಎತ್ತಿಕೊಂಡು, ಒಗ್ಗರಣೆಯ ಹೊಗೆಗೆ ಮೂಗು ಕಪ್ಪಾಗಿ ನಿಂತಿದ್ದ. ಅವ್ವ ಅವನನ್ನು ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಕಳೆದದ್ದನ್ನು ಹುಡುಕಿಕೊಡುವುದು ಅವನ ಕೆಲಸ. ಸೂಜಿ ಕಳೆಯಲಿ, ಕೋಳಿಮರಿ ಕಳೆಯಲಿ, ಅವ್ವ ಮೊದಲು ಮರ್ಯಾದೆಯಿಂದ ಕೇಳುತ್ತಿದ್ದಳು. ಸಂಜೆಯೊಳಗೆ ಸಿಗದಿದ್ದರೆ ಅವನನ್ನು ಗೂಡಿನಿಂದ ಇಳಿಸಿ ಜೋಳ ತುಂಬಿದ ಮಣ್ಣಿನ ಹರವಿಯಲ್ಲಿ ತಲೆಕೆಳಗೆ ಮಾಡಿ ಹುಗಿದುಬಿಡುತ್ತಿದ್ದಳು. ಸಾಮಾನು ಸಿಕ್ಕಮೇಲೇ ಬಿಡುಗಡೆ. ಸಿಕ್ಕ ಸಂತೋಷಕ್ಕೆ ಹಸಿದವರಿಗೆ ಯಾರಿಗಾದರೂ ರೊಟ್ಟಿ ಹಾಕಬೇಕು. ಅದಕ್ಕೆ ಅಂತೋಣಪ್ಪನ ರೊಟ್ಟಿ ಎಂದು ಹೆಸರು. ಅವನಿಗೆ ಆದ ಉಪದ್ರವಕ್ಕೆ ಇನ್ನೊಬ್ಬರ ಹೊಟ್ಟೆ ತುಂಬುವುದು ನನಗೆ ಬಹಳ ಸರಿ ಕಾಣುತ್ತಿತ್ತು.

ಆಯಿ ಅಡಿಗೆಮನೆಗೆ ಬಂದರೆ ಗೂಡಿಗೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳದ ನಡುವೆ ಅತ್ತೆ ಸೊಸೆಯ ವಾದ ಶುರುವಾಗುತ್ತಿತ್ತು. ಇಬ್ಬರೂ ಕೂಗಾಡುವವರಲ್ಲ. ಕೈಯ ಕೆಲಸ ಬಿಡದೆ, ಮಾತು ಸೋಲದೆ ವಾದಿಸುವವರು.

"ತಹಸೀಲ್ದಾರ ಸಾಹೇಬ್ರನ್ನ ಕಾಣಬೇಕಂದ್ರ ಪೇಶ್ಕಾರನ ಕೈಕಾಲು ಹಿಡೀಬೇಕು, ಅದು ನಿಜಾಮರ ಕಚೇರಿ. ದೇವ್ರ ಕಚೇರ್ಯಾಗ ಪೇಶ್ಕಾರ ಎಲ್ಲಿ ಇರ್ತಾನ? ಸೀದಾ ದೇವ್ರನ್ನ ಕೇಳಾಕ ನಿನಗೇನು ಧಾಡಿ?"

"ದೇವ್ರನ್ನೂ ಕೇಳ್ತೀನಿ ಅತ್ತಿ. ಇಂವಗೂ ಹೇಳ್ತೀನಿ, ನನ್ನ ಪರವಾಗಿ ನೀನೂ ಒಂದು ಮಾತು ಬೇಡ್ಕೊಳಪಾ ಅಂತ. ಹೋದ ಚಳಿಗಾಲದಾಗ ನಿಮ್ಮ ಮಗಗ ಜ್ವರ ಬಂದಾಗ ಸಭಿಯಾಗ ಎಲ್ಲಾರ ಕಡಿಂದ ಪ್ರಾರ್ಥನಿ ಮಾಡಿಸಿದ್ರಲ್ಲ, ಹಂಗ."

"ಅವ್ರೆಲ್ಲ ಜೀವಂತ ಅದಾರ ಬೇ!"

"ದೇವ್ರ ಹತ್ರ ಹೋದವ್ರು ಸತ್ತಾರಂತ ನಿಮ್ಮ ಅಯ್ನೋರು ಹೇಳ್ತಾರೇನ್ರಿ?"

ಆಯಿ ಹಂಚಿನ ಕಡೆ ನೋಡಿದಳು. ಆಮೇಲೆ, "ರೊಟ್ಟಿ ಸೀಯಾಕತ್ತೈತಿ, ಹೊಳ್ಳಿಹಾಕು" ಎಂದಳು. ಅಪ್ಪ ಅಷ್ಟರಲ್ಲಿ ಟೋಪಿ ಹಾಕಿಕೊಂಡು, ಡಾಕ್ಟರ್ ಸಾಹೇಬರು ಕರೆದಿದ್ದಾರೆ ಎಂದು ಹೊರಟಾಗಿತ್ತು. ನಮ್ಮ ಮನೆಯಲ್ಲಿ ಧರ್ಮದ ಮಾತು ಎದ್ದಾಗಲೆಲ್ಲ ಆ ಡಾಕ್ಟರ್ ಸಾಹೇಬರು ಅಪ್ಪನನ್ನು ಕರೆಯುತ್ತಿದ್ದರು.

ಇದಕ್ಕಿಂತ ದೊಡ್ಡ ವಾದ ಪ್ರಭು ಭೋಜನದ್ದು. ಕೆಲವು ತಿಂಗಳಿಗೊಮ್ಮೆ ಲಿಂಗಸುಗೂರಿನಿಂದ ಮಿಷನ್ನಿನ ಪಾದ್ರಿ, ಅಯ್ಯನವರು, ಬಂದು ಯೇಸುವಿನ ಮರಣದ ನೆನಪಿಗೆ ರೊಟ್ಟಿಯ ಚೂರು, ದ್ರಾಕ್ಷಿರಸ ಹಂಚುವ ಆ ಸಂಸ್ಕಾರ ನಡೆಸುತ್ತಿದ್ದರು. ಅದರ ತಯಾರಿ ಆಯಿಯದು. ಸಭೆಯ ಬಟ್ಟಲು, ಕಾಲಿದ್ದ ಎತ್ತರದ ಹಿತ್ತಾಳೆಯ ಬಟ್ಟಲು, ನಮ್ಮ ಮನೆಯಲ್ಲೇ ಇರುತ್ತಿತ್ತು. ಮಿಷನ್ನಿನವರಿಗೆ ಸೆರೆಯ ಹನಿಯೂ ವರ್ಜ್ಯ. ಆದ್ದರಿಂದ ಆಯಿ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಿದ್ದಳು. ಮಸ್ಕಿಯಲ್ಲಿ ಬ್ರೆಡ್ಡಿನ ಪಾವು ಸಿಗುತ್ತಿರಲಿಲ್ಲ. ಗೋದಿಹಿಟ್ಟಿನ ದಪ್ಪ ಚಪಾತಿ ಮಾಡಿ ಚಾಕುವಿನಿಂದ ಸಣ್ಣ ಸಣ್ಣ ಚೌಕ ಕತ್ತರಿಸುತ್ತಿದ್ದಳು. ಹಿಂಡಿದ ದ್ರಾಕ್ಷಿಯ ಹಿಪ್ಪೆ ನನ್ನ ಪಾಲು. ಇವತ್ತಿಗೂ ನನಗೆ ಭಕ್ತಿ ಎಂದರೆ ಮೊದಲು ಬಾಯಲ್ಲಿ ಬರುವುದು ಆ ಸಿಹಿಯೇ. ಆಯಿಗೆ ನಾನು ದೊಡ್ಡವಳಾದ ಮೇಲೆ ಈ ಕೆಲಸ ನನ್ನ ಕೈಗೆ ಕೊಡಬೇಕೆಂಬ ಆಸೆ. ರಸ ಹಿಂಡುವಾಗ ಬಟ್ಟೆಯ ಒಂದು ತುದಿಯನ್ನು ನನಗೆ ಹಿಡಿಸಿ, ಮುಂದೆ ಇದೆಲ್ಲ ನೀನೇ ಮಾಡುವವಳು, ನೋಡಿಕೋ ಎನ್ನುತ್ತಿದ್ದಳು.

ಆರಾಧನೆ ಮುಗಿದು ಮನೆಗೆ ಬಂದಮೇಲೆ ಮಿಕ್ಕ ಚಪಾತಿ ಚೂರನ್ನು ಆಯಿ ಹಿತ್ತಲಿನ ಕೋಳಿಗಳಿಗೆ ಹಾಕುತ್ತಿದ್ದಳು. ಅವ್ವ ಹೌಹಾರಿ ಓಡಿಹೋಗಿ, ಕೋಳಿಗಳ ಜೊತೆ ಪೈಪೋಟಿ ಮಾಡಿ ಚೂರುಗಳನ್ನು ಸೆರಗಿಗೆ ಆಯ್ದುಕೊಳ್ಳುತ್ತಿದ್ದಳು.

"ದೇವ್ರ ಹೆಸರು ಹೇಳಿ ಎತ್ತಿದ್ದು, ಕೋಳಿಗೆ ಹಾಕ್ತೀರಲ್ಲ ಅತ್ತಿ!"

"ಪ್ರಭುವಿನ ಮರಣ ನೆನಸಿದಿವಿ, ನೆನಪಾತು, ಸಂಸ್ಕಾರ ಮುಗೀತು. ಉಳಿದದ್ದು ಚಪಾತಿ. ನಿಮ್ಮ ಸ್ವಾಮಿಗಳ ಕೈಯಾಗ ರೊಟ್ಟಿ ಹೋಗಿ ಪ್ರಭುವಿನ ಮೈ ಆಗ್ತೈತಂತ ನೀ ನಂಬ್ತಿ. ನಮ್ಮಲ್ಲಿ ರೊಟ್ಟಿ ರೊಟ್ಟೀನ."

"ಹಂಗಂತ ನಿಮ್ಮ ರೊಟ್ಟಿನಾದ್ರೂ ಕೋಳಿ ಕಾಲಾಗ ತುಳೀಬೇಕೇನ್ರಿ?"

ಆಯ್ದ ಚೂರನ್ನು ಅವ್ವ ತಾನೂ ತಿನ್ನುತ್ತಿರಲಿಲ್ಲ. ತುಳಸಿಯ ಗಿಡದ ಬುಡಕ್ಕೆ ಮಣ್ಣು ಮಾಡುತ್ತಿದ್ದಳು. ಆಯಿ ಕಷಾಯಕ್ಕೆಂದು ಹಚ್ಚಿದ ಆ ತುಳಸಿ ಮೂರು ಮತಗಳ ನಡುವೆ ಚೆನ್ನಾಗಿ ಚಿಗುರಿತ್ತು.

ಸಭೆಯಲ್ಲಿ ಅಯ್ಯನವರು ಭೋಜನಕ್ಕೆ ಕರೆದಾಗ ಎಲ್ಲರೂ ಸಾಲಾಗಿ ಮುಂದೆ ಹೋಗಿ ಮೊಣಕಾಲೂರುತ್ತಿದ್ದರು. ಅವ್ವ ಮಾತ್ರ ಚಾಪೆಯ ಮೇಲೆ ಕೂತೇ ಇರುತ್ತಿದ್ದಳು. ದ್ರಾಕ್ಷಿರಸವನ್ನು ಮನೆಯಲ್ಲೂ ಅವಳು ಒಂದು ಗುಟುಕು ಕುಡಿದದ್ದನ್ನು ನಾನು ಕಾಣೆ. ತವರಿಗೆ ಹೋದಾಗ ಅಲ್ಲಿಯ ಗುಡಿಯಲ್ಲೂ ಅದೇ ಕತೆ. ಗಂಟೆ ಬಾರಿಸಿ, ಲ್ಯಾಟಿನ್ ಮಂತ್ರ ಹೇಳಿ, ಪಾದ್ರಿ ಸ್ವಾಮಿಗಳು ಸತ್ಪ್ರಸಾದದ ರೊಟ್ಟಿ ಹಿಡಿದು ನಿಂತಾಗ ಅವ್ವನ ಅಕ್ಕತಂಗಿಯರೆಲ್ಲ ಮುಸುಕು ಎಳೆದುಕೊಂಡು ಎದ್ದು ಮುಂದೆ ಹೋಗುತ್ತಿದ್ದರು. ಅವ್ವ ಬಾಗಿಲ ಬಳಿ ಕೂತು ನೆಲ ನೋಡುತ್ತಿದ್ದಳು. ನಾನು ಒಮ್ಮೆ ಕೇಳಿಯೇಬಿಟ್ಟೆ, ನಿನ್ನನ್ನು ಎಲ್ಲಿಯೂ ಊಟಕ್ಕೆ ಯಾಕೆ ಕರೆಯುವುದಿಲ್ಲ ಎಂದು.

"ಒಂದು ಕಡೆ ಅವ್ರು ಕರೀತಾರ, ನಾ ಹೋಗಂಗಿಲ್ಲ. ಇನ್ನೊಂದು ಕಡೆ ನಾ ಹೋಗಬೇಕಂತೀನಿ, ಅವ್ರು ಕರಿಯಂಗಿಲ್ಲ."

ಮಿಷನ್ನಿನಲ್ಲಿ ಆದ ಮದುವೆಯನ್ನು ಸ್ವಾಮಿಗಳು ಮದುವೆಯೆಂದು ಒಪ್ಪುತ್ತಿರಲಿಲ್ಲ. ಅಪ್ಪ ಅವರೆದುರು ನಿಂತು ಮತ್ತೊಮ್ಮೆ ಮಾತು ಕೊಟ್ಟರೆ ಮಾತ್ರ ಅವ್ವನಿಗೆ ಪ್ರಸಾದ. ಅದಕ್ಕೂ ಒಂದು ಷರತ್ತು, ಮಕ್ಕಳು ರೋಮಿನ ಗುಡಿಗೇ ಸೇರಬೇಕು. ಆಯಿ ಬದುಕಿರುವವರೆಗೆ ಅದು ಆಗದ ಮಾತು ಎಂದು ಅಪ್ಪನೂ ಅವ್ವನೂ ಆ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಆಯಿಯ ಲೆಕ್ಕದಲ್ಲಿ ಅವ್ವ ಕೂತಲ್ಲೇ ಕೂರುವುದು ಸೊಸೆಯ ಸೊಕ್ಕು, ಇನ್ನೇನಲ್ಲ.

ಹೀಗಿರುವಾಗ ಒಂದು ಶನಿವಾರ ಸಭೆಯ ಬಟ್ಟಲು ಕಾಣೆಯಾಯಿತು. ಮರುದಿನ ಅಯ್ಯನವರು ಬರುವವರು. ಆಯಿ ಆ ಮೊದಲು ತನ್ನ ತಂಗಿಯನ್ನು ನೋಡಲು ಸಿಂಧನೂರಿಗೆ ಹೋಗಿ ಬಂದಿದ್ದಳು. ಹೋಗುವಾಗ ಕಳ್ಳರ ಭಯಕ್ಕೆ ಬಟ್ಟಲನ್ನು ಎಲ್ಲೋ ಭದ್ರವಾಗಿ ಇಟ್ಟಿದ್ದಳು. ಎಷ್ಟು ಭದ್ರವೆಂದರೆ ಅವಳಿಗೇ ತಿಳಿಯದಷ್ಟು. ಪೆಟ್ಟಿಗೆ, ಹಾಸಿಗೆಯ ಸುರುಳಿ, ಕೋಳಿಗೂಡು, ಎಲ್ಲ ತಡಕಾಡಿದಳು. ಬಟ್ಟಲಿಲ್ಲ. ಅವ್ವ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ಆಯಿ ಒಮ್ಮೆ ಬೀದಿಯ ಕಡೆ ನೋಡಿ, ಅಡಿಗೆಮನೆಗೆ ಹೋಗಿ, ಮೊಟ್ಟಮೊದಲ ಬಾರಿಗೆ ಗೂಡಿಗೆ ಮುಖ ಮಾಡಿ ನಿಂತಳು. ಎರಡೂ ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಂಡಿದ್ದಳು.

"ನೋಡಪಾ, ನಾ ನಿನಗ ಕೈ ಮುಗಿಯಾಕ ಬಂದಿಲ್ಲ. ಬಟ್ಲ ಕಳದೈತಿ. ನಾಳೆ ಅಯ್ನೋರ ಮುಂದ ನನ್ನ ಮಾನ ಹೋಗ್ತೈತಿ. ನೀ ಹುಡುಕಿ ಕೊಟ್ರ ಹಸದವ್ರಿಗೆ ರೊಟ್ಟಿ ಹಾಕ್ತೀನಿ. ಇದು ಹರಕಿ ಅಲ್ಲ, ಬರೇ ಮಾತು. ತಿಳೀತೇನು?"

ಅವ್ವನಾದರೆ ಸಂಜೆಯವರೆಗೆ ಕಾಯುತ್ತಿದ್ದಳು. ಆಯಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೇಳಿದ ಮರುಗಳಿಗೆಗೆ ಅಂತೋಣಪ್ಪನ ಕಾಲು ಹಿಡಿದೆತ್ತಿ ಜೋಳದ ಹರವಿಯಲ್ಲಿ ತಲೆಕೆಳಗೆ ಒತ್ತಿದಳು. ಒಳಗಿನಿಂದ ಟಣ್ ಎಂದಿತು. ಆಯಿ ಮತ್ತೊಮ್ಮೆ ಒತ್ತಿದಳು. ಮತ್ತೆ ಟಣ್. ಮೊಣಕೈಯವರೆಗೆ ಕೈ ಹಾಕಿ ಜೋಳ ಬಗೆದರೆ ಅಲ್ಲಿತ್ತು ಬಟ್ಟಲು. ಆಯಿ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಸಂತನನ್ನು ಹಿಡಿದು, ಯಾರೋ ಮೋಸ ಮಾಡಿದಂತೆ ಇಬ್ಬರನ್ನೂ ನೋಡುತ್ತ ನಿಂತಳು. ತಿರುಗಿದರೆ ಬಾಗಿಲಲ್ಲಿ ನಾನು.

"ಏನ್ ನೋಡ್ದಿ?"

"ಏನೂ ಇಲ್ಲ ಆಯಿ."

"ಶಾಣ್ಯಾಕಿ" ಎಂದು, ಸಂತನನ್ನು ಗೂಡಿಗೆ ಮರಳಿಸಿ, ಮುಷ್ಟಿ ತುಂಬ ಒಣದ್ರಾಕ್ಷಿ ಕೊಟ್ಟಳು. ಆಮೇಲೆ ನನಗೋ ತನಗೋ ಹೇಳಿಕೊಂಡಳು, "ನಾನ ಇಟ್ಟಿದ್ದು, ನಾನ ಮರ್ತಿದ್ದು, ನಾನ ತಗದಿದ್ದು. ಇದ್ರಾಗ ಅವಂದೇನೈತಿ?"

ಅವನದೇನೂ ಇಲ್ಲವೆಂದು ವಾದದಲ್ಲಿ ಗೆದ್ದಳು, ಆದರೆ ಕೊಟ್ಟ ಮಾತು ಅವಳನ್ನು ಬಿಡಲಿಲ್ಲ. ಸುಳ್ಳು ಆಡಬಾರದು, ಆಡಿದ ಮಾತು ತಪ್ಪಬಾರದು ಎಂದು ನಮಗೆಲ್ಲ ಕಲಿಸಿದವಳು ಅವಳೇ. ಬಾಗಿಲಿಗೆ ಬಂದ ಫಕೀರನಿಗೆ ರೊಟ್ಟಿ ಹಾಕಿದಳು. ಅವನು ಆಗಲೇ ಪಕ್ಕದ ಮನೆಯಲ್ಲಿ ಉಂಡಿದ್ದೇನೆಂದು ಅದನ್ನು ಜೋಳಿಗೆಗೆ ಸೇರಿಸಿದ. ಅದು ಲೆಕ್ಕಕ್ಕಿಲ್ಲ ಎಂದಳು ಆಯಿ. ಹಾಲು ಕೊಡುವವಳ ಮಗನಿಗೆ ಹಾಕಿದಳು. ಅವನು ಪಲ್ಯ ತಿಂದು ರೊಟ್ಟಿ ಬಿಟ್ಟ. ನಿಜವಾಗಿ ಹಸಿದವರು ಬೇಕಾದಾಗ ಊರಲ್ಲಿ ಒಬ್ಬರೂ ಸಿಗಲಿಲ್ಲ ಎಂದು ಆಯಿ ಸಿಡಿಮಿಡಿಗೊಂಡಳು.

ಅಂಥದರಲ್ಲಿ ಒಂದು ಮಧ್ಯಾಹ್ನ ಅವ್ವ ತವರಿನಿಂದ ಮರಳಿ ಬಂದಳು. ಅವಳ ಅಣ್ಣನ ಮಗಳು ಮೊದಲ ಸತ್ಪ್ರಸಾದ ಪಡೆದ ಸಮಾರಂಭ ಮುಗಿಸಿ ಬಂದಿದ್ದಳು. ಕೈಕಾಲು ತೊಳೆದು ಸುಮ್ಮನೆ ಒಲೆ ಮುಂದೆ ಕೂತಳು. ಆಯಿ ಅಭ್ಯಾಸದಂತೆ ಗೂಡಿಗೆ ಬೆನ್ನು ಮಾಡಿ ಕೂತು ಕೆಣಕಿದಳು.

"ಅಲ್ಲಿ ಕೊಡಂಗಿಲ್ಲಂದ್ರ ಅಳ್ತಿ. ಇಲ್ಲಿ ಕೊಡ್ತೀವಂದ್ರ ಏಳಂಗಿಲ್ಲ. ನಮ್ಮ ಸಭಿಯಾಗ ಬಂದು ಪ್ರಭುವನ್ನ ನೆನಸಾಕ ನಿನಗೇನಾಗೈತಿ?"

ಅವ್ವ ಯಾವಾಗಿನಂತೆ ಪ್ರತಿವಾದ ಹೂಡಲಿಲ್ಲ.

"ನೆನಸಾಕ ನನಗ ರೊಟ್ಟಿ ಬ್ಯಾಡ ಅತ್ತಿ, ಕುಂತಲ್ಲೆ ನೆನಪಾಗ್ತೈತಿ. ನನಗ ಹಸಿವಾಗೈತಿ. ಲಗ್ನ ಆದಾಗಿಂದ ಹಸಿವಾಗೈತಿ."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಹಿಟ್ಟು ನಾದಲು ಶುರುಮಾಡಿದಳು. ಆಯಿ ನಿಧಾನ ಕತ್ತು ಹೊರಳಿಸಿ ಗೂಡಿನ ಕಡೆ ನೋಡಿದಳು. ಅಂತೋಣಪ್ಪ ಕಪ್ಪು ಮೂಗು ಮಾಡಿಕೊಂಡು ಅವಳನ್ನೇ ನೋಡುತ್ತಿದ್ದ. ಆ ಕ್ಷಣ ಆಯಿಯ ಮುಖ ನನಗೆ ಈಗಲೂ ಕಾಣುತ್ತದೆ. ಮನೆಯೆಲ್ಲ ಹುಡುಕಿದ ಬಟ್ಟಲು ಜೋಳದ ಹರವಿಯಲ್ಲೇ ಸಿಕ್ಕಾಗ ಆಗಿತ್ತಲ್ಲ, ಅದೇ ಮುಖ.

ಸಂಜೆ ಅಪ್ಪ ಬಂದು ಟೋಪಿ ತೆಗೆಯುವ ಮೊದಲೇ ಆಯಿ ಹೇಳಿದಳು.

"ದಾವೀದಾ, ನಾಳೆ ರಜಾ ಹೇಳು. ಇಕಿ ಊರಿಗೆ ಹೋಗೂಣು, ಆ ಸ್ವಾಮಿಗಳನ್ನ ನೋಡಬೇಕು."

"ಯವ್ವಾ, ಡಾಕ್ಟರ್ ಸಾಹೇಬ್ರು—"

"ಡಾಕ್ಟರ್ ಸಾಹೇಬ್ರಿಗೆ ನಾ ಹೇಳ್ಲೇನು?"

ಮೋಟಾರಿನಲ್ಲಿ ಲಿಂಗಸುಗೂರು, ಅಲ್ಲಿಂದ ಬಂಡಿಯಲ್ಲಿ ಕೋಟೆಯ ಊರು. ಸ್ವಾಮಿಗಳು ಗೋವೆಯ ಕಡೆಯ ಮುದುಕರು, ಬಿಳಿಗಡ್ಡ, ಕನ್ನಡವನ್ನು ನಿಧಾನವಾಗಿ ಆರಿಸಿ ಆರಿಸಿ ಆಡುವವರು. ಆಯಿ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿಲ್ಲ, ಎದುರಿನ ಕುರ್ಚಿಯಲ್ಲಿ ಸರಿಸಮ ಕೂತಳು. ಸ್ವಾಮಿಗಳು ಷರತ್ತು ಹೇಳಿದರು. ಆಯಿ ನನ್ನ ಜಡೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತಳು. ಆ ಕೈಯ ಭಾರ ನನಗೆ ಗೊತ್ತಾಯಿತು. ದ್ರಾಕ್ಷಿ ಹಿಂಡುವ ಬಟ್ಟೆಯ ಇನ್ನೊಂದು ತುದಿ ಇನ್ನು ಯಾರು ಹಿಡಿಯಬೇಕು ಎಂದು ಅವಳು ಯೋಚಿಸುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಕೊನೆಗೆ ಕೈ ತೆಗೆದಳು.

"ಆಗಲಿ, ಹುಡುಗಿ ನಿಮ್ಮ ಗುಡಿಗೆ ಬರ್ಲಿ. ಆದ್ರ ಮನ್ಯಾಗ ದಿನಾ ನನ್ನ ಜೋಡಿ ಕುಂತು ವಾಕ್ಯ ಓದ್ತಾಳ. ಅದಕ್ಕ ನೀವು ಅಡ್ಡ ಬರಬಾರ್ದು."

ಸ್ವಾಮಿಗಳು ನಕ್ಕರು.

"ಓದಿಸಿರಿ ಅಮ್ಮಾ. ನಮ್ಮ ಜನ ಓದುವುದು ಕಡಿಮೆ."

ಬಿಷಪ್ಪರ ಅಪ್ಪಣೆ ಬರಲು ತಡವಾಯಿತು. ಬಂದಮೇಲೆ ಒಂದು ಭಾನುವಾರ ಮದುವೆಯೆಂದು ಗೊತ್ತಾಯಿತು. ಹಿಂದಿನ ದಿನ ಹೋಗಿ ಅವ್ವನ ತವರಿನಲ್ಲಿ ಉಳಿದೆವು. ಸತ್ಪ್ರಸಾದ ಪಡೆಯುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟಕೂಡದೆಂಬುದು ಆಗಿನ ನಿಯಮ. ಬೆಳಿಗ್ಗೆ ಅವ್ವ ಗಡಿಬಿಡಿಯಲ್ಲಿ ಮರೆತು ತಂಬಿಗೆ ಎತ್ತಿದರೆ, ಪಡಸಾಲೆಯ ಆ ತುದಿಯಿಂದ ಕೂಗಿದವಳು ಆಯಿ.

"ಏ ಪಿಲೋಮಿ! ನೀರು ಮುಟ್ಟಬ್ಯಾಡ! ಇಷ್ಟು ದೂರ ಬಂದದ್ದು ನೀರಾಗ ಹೋದೀತು!"

ಅವ್ವನ ಅಣ್ಣಂದಿರು ನಕ್ಕು ನಕ್ಕು ಸುಸ್ತಾದರು. ಮಿಷನ್ನಿನ ಮುದುಕಿ ರೋಮಿನ ಉಪವಾಸಕ್ಕೆ ಕಾವಲು ಕೂತದ್ದನ್ನು ಅವರು ಅದಕ್ಕೂ ಮೊದಲು ಕಂಡಿರಲಿಲ್ಲ.

ಅಪ್ಪ ಮಿಷನ್ನಿನವನಾದ್ದರಿಂದ ಮದುವೆ ಗುಡಿಯ ಒಳಗಲ್ಲ, ಪಕ್ಕದ ಕೋಣೆಯಲ್ಲಿ, ಸ್ವಾಮಿಗಳ ಉಡುಪುಗಳ ಕಪಾಟಿನ ಎದುರು ನಡೆಯಿತು. ಸ್ವಾಮಿಗಳು ಕೇಳಿದ್ದಕ್ಕೆ ಅಪ್ಪ ಹೌದು ಎಂದ. ಧ್ವನಿ ಸಾಲದೆಂದು ಆಯಿ ಹಿಂದಿನಿಂದ ತಿವಿದಳು. ಮತ್ತೊಮ್ಮೆ ಜೋರಾಗಿ ಹೌದು ಎಂದ. ಆಮೇಲೆ ಗುಡಿಯಲ್ಲಿ ಪೂಜೆ. ಆಯಿ ನನ್ನನ್ನು ಕರೆದುಕೊಂಡು ಬಾಗಿಲ ಬಳಿ, ಅವ್ವ ಎಷ್ಟೋ ವರ್ಷ ಕೂರುತ್ತಿದ್ದ ಜಾಗದಲ್ಲೇ ಕೂತಳು. ಗಂಟೆ ಬಾರಿಸಿದರು. ಅವ್ವ ಎದ್ದಳು. ಮುಸುಕು ಎಳೆದುಕೊಂಡು, ಜನರ ನಡುವೆ, ತಂಗಿಯರ ಹಿಂದಿನಿಂದ ಪೀಠದ ಕಡೆ ಹೋದಳು. ಅವಳ ಹಿಮ್ಮಡಿ ಮಾತ್ರ ನನಗೆ ಕಾಣುತ್ತಿತ್ತು. ಸ್ವಾಮಿಗಳು ಅವಳ ಮುಂದೆ ಬಗ್ಗಿ ಪ್ರಸಾದ ಕೊಟ್ಟಾಗ ಆಯಿ ನನ್ನ ಕೈಯನ್ನು ನೋವಾಗುವಷ್ಟು ಹಿಡಿದುಕೊಂಡಳು. ಆ ಸಾಲಿಗೆ ಆಯಿಯನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ.

ಪೂಜೆ ಮುಗಿದು ಹೊರಗೆ ಬಂದಾಗ ಬಿಸಿಲು ಏರಿತ್ತು. ಬೇವಿನ ಮರದ ಕೆಳಗೆ ಆಯಿ ತನ್ನ ಗಂಟು ಬಿಚ್ಚಿದಳು. ಒಳಗೆ ಬಟ್ಟೆ ಬಿಗಿದ ಒಂದು ಚೊಂಬು, ಒಂದು ಲೋಟ. ಚೊಂಬಿನಲ್ಲಿ ದ್ರಾಕ್ಷಿರಸ. ಮಸ್ಕಿಯಿಂದ ಹೊತ್ತು ತಂದಿದ್ದಳು, ತುಳುಕದಂತೆ ಬಂಡಿಯಲ್ಲಿ ಮಡಿಲಲ್ಲಿಟ್ಟುಕೊಂಡು. ಲೋಟಕ್ಕೆ ಬಗ್ಗಿಸಿ ಅವ್ವನ ಮುಂದೆ ಹಿಡಿದಳು.

"ತಗೋ. ಇದು ಪ್ರಭು ಭೋಜನ ಅಲ್ಲ, ಅಯ್ನೋರು ಏನೂ ಹೇಳಿಲ್ಲ. ಬಾಯಿ ಒಣಗಿರ್ತೈತಿ, ಸುಮ್ಮ ಕುಡಿ."

ಅವ್ವ ಲೋಟ ಹಿಡಿದು ನಿಂತಳು. ಆಯಿ ಬೇರೆ ಕಡೆ ನೋಡುತ್ತ, ಚೊಂಬಿನ ಬಾಯಿಗೆ ಮತ್ತೆ ಬಟ್ಟೆ ಬಿಗಿದಳು.

"ಮತ್ತ ಆ ನಿನ್ನ ಸಾಧುಗ ಹೇಳಿಬಿಡು, ನಾ ಕೊಟ್ಟ ಮಾತು ಮುಗೀತಂತ. ಏನು ಮಾತು ಅಂತ ಕೇಳಬ್ಯಾಡ."

"ಕೇಳಂಗಿಲ್ಲ ಅತ್ತಿ. ಅವತ್ತು ಹಳ್ಳದಿಂದ ಬಂದು ನೋಡಿದ್ರ ಅಂತೋಣಪ್ಪನ ತೋಳಾಗ ಜೋಳ ಸಿಕ್ಕೊಂಡಿತ್ತು. ನಾ ಅಂತೂ ಅಂವನ್ನ ಹುಗಿದಿದ್ದಿಲ್ಲ."

ಆಯಿ ಕಕ್ಕಾಬಿಕ್ಕಿಯಾಗಿ ನನ್ನತ್ತ ತಿರುಗಿ ಕಣ್ಣು ಬಿಟ್ಟಳು. ನಾನಲ್ಲ ಎಂದು ತಲೆಯಾಡಿಸಿದೆ. ಅವ್ವ ನಗುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಇಷ್ಟು ವರ್ಷ ಮುಟ್ಟದಿದ್ದ ಆ ರಸವನ್ನು ಕುಡಿದಳು. ಪೂರ್ತಿ ಕುಡಿಯಲಿಲ್ಲ. ಅರ್ಧ ಉಳಿಸಿ ಲೋಟವನ್ನು ಅತ್ತೆಯ ಕೈಗೆ ಕೊಟ್ಟಳು. ಆಯಿ ಅದನ್ನೊಮ್ಮೆ ನೋಡಿದಳು, ಅವ್ವನನ್ನೊಮ್ಮೆ ನೋಡಿದಳು, ಅಲ್ಲೇ ಬೇವಿನ ಮರದ ಕೆಳಗೆ ಕೂತು ಉಳಿದದ್ದನ್ನು ಕುಡಿದಳು. ತಳದಲ್ಲಿ ಮಿಕ್ಕಿದ್ದನ್ನು ಮಣ್ಣಿಗೆ ಚೆಲ್ಲಲಿಲ್ಲ. ಬೆರಳಿನಿಂದ ಬಳಿದು ನನ್ನ ಬಾಯಿಗೆ ಹಚ್ಚಿದಳು.